ದೇವರ ಫೋಟೋ ಯಾವ ಬಕೆಟ್ಟಿಗೆ?

ಹರಿಹರದಲ್ಲಿ ಹುಡುಗರು ತುಂಗಭದ್ರೆಯಿಂದ ಕಸ ಎತ್ತುತ್ತಿರುವ ಫೋಟೋವನ್ನು ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿರುವ ನಮ್ಮ ಪಕ್ಕದ ಮನೆಯ ಹುಡುಗಿ ಮೊನ್ನೆ ನೋಡಿದಳು. ಅಪ್ಪ ಅಮ್ಮ ದಾವಣಗೆರೆಯವರು, ಅವಳು ಹುಟ್ಟಿದ್ದು ಇಲ್ಲೇ. "ಅಂಕಲ್, ದೇವ್ರ ಫೋಟೋನೂ ಇದೇ ಬಕೆಟ್ಟಿಗೆ ಹಾಕೋದಾ?" ಅಂದಳು. ಇಲ್ಲಿ ದೋಣಿ ಹತ್ತಿ ಕಸ ಹೆಕ್ಕುವವರಿಗೆ ಈ ಪ್ರಶ್ನೆ ಏಳುವುದೇ ಇಲ್ಲ. ನಮ್ಮ ಕಡೆ ಕೈ ತಡೆಯುವುದೇ ಅಲ್ಲಿ.

ಇಲ್ಲಿನ ಬಂದರಿನ ಕಾಲುವೆಗಳಲ್ಲಿ ಗ್ರೀನ್‌ಕಯಾಕ್ ಎಂಬ ಸಂಸ್ಥೆ 2017ರಿಂದ ಒಂದು ಕರಾರಿನ ಮೇಲೆ ದೋಣಿ ಕೊಡುತ್ತಿದೆ. ಇಬ್ಬರು ಕೂರುವ ಕಯಾಕ್, ಅಂದರೆ ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿ, ಎರಡು ಗಂಟೆ ಪುಕ್ಕಟೆ. ಬದಲಿಗೆ ಕಸ ಹೆಕ್ಕಿ, ತೂಕ ಮಾಡಿ ತಿಳಿಸಬೇಕು. ಮುಂದೆ ಕೂತವರು ಉದ್ದ ಹಿಡಿಕೆಯ ಇಕ್ಕಳದಿಂದ ಕಸ ಹಿಡಿಯುತ್ತಾರೆ, ಹಿಂದಿನವರು ಹುಟ್ಟಿನಿಂದ ದೋಣಿಯನ್ನು ಅಲ್ಲಾಡದಂತೆ ಹಿಡಿದಿರುತ್ತಾರೆ. ಇಬ್ಬರೂ ಒಂದೇ ಮಗ್ಗುಲಿಗೆ ಬಾಗಿದರೆ ದೋಣಿ ಮಗುಚುತ್ತದೆ. ಸಿಗುವುದು ಬಹುಪಾಲು ಹಗುರ ಸಾಮಾನು: ಕಾಫಿ ಲೋಟ, ಚಿಪ್ಸ್ ಪೊಟ್ಟಣ, ಸಿಗರೇಟು ತುಂಡು. ಕೊಳ್ಳುವಾಗ ಕಟ್ಟಿದ ಠೇವಣಿ, ಪಾನೀಯದ ಡಬ್ಬಿಗೆ 1 ಕ್ರೋನ್ (ಇಲ್ಲಿನ ನಾಣ್ಯ), ದೊಡ್ಡ ಪ್ಲಾಸ್ಟಿಕ್ ಬಾಟಲಿಗೆ 3 ಕ್ರೋನ್, ಅಂಗಡಿಯಲ್ಲಿ ವಾಪಸ್ ಸಿಗುವುದರಿಂದ ಅವನ್ನು ದಡದಲ್ಲೇ ಆಯ್ದುಕೊಳ್ಳುವವರಿದ್ದಾರೆ.

ಆದರೆ ಈ ನೀರನ್ನು ತಿಳಿಯಾಗಿಸಿದವರು ದೋಣಿಯವರಲ್ಲ. ಚರಂಡಿ ನೀರು ಬಂದರಿಗೆ ನುಗ್ಗುವುದನ್ನು ನಗರದವರು ಮೊದಲು ತಡೆದರು, 2002ರಲ್ಲಿ ಬಂದರಿನ ದಡದ ಇಸ್ಲಾಂಡ್ಸ್ ಬ್ರುಗ್ಗೆ ಬಡಾವಣೆಯಲ್ಲಿ ಜನ ಈಜುವಂತಾಯಿತು. ಕಸ ಹೆಕ್ಕುವ ಕಯಾಕ್ ಬಂದದ್ದು ಅದಾಗಿ ಹದಿನೈದು ವರ್ಷಕ್ಕೆ. ನಮ್ಮಲ್ಲಿ ಚರಂಡಿಯ ಬಾಯಿ ತೆರೆದೇ ಇರುತ್ತದೆ, ಕೆಳಗೆ ಹುಡುಗರು ಕವರ್ ಎತ್ತುತ್ತಿರುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಹರಿಹರದ ಹೊಳೆಯಲ್ಲಿ ತೊಡಕು ಕೊಡುವುದು ಬಟ್ಟೆ. ಮುಳುಗು ಹಾಕಿ ಉಟ್ಟದ್ದನ್ನು ನೀರಿಗೆ ಬಿಟ್ಟರೆ ಪಾಪ ಕಳೆಯಿತು ಎಂಬ ನಂಬಿಕೆ. ಸೀರೆಯ ಒಂದು ತುದಿ ಕಲ್ಲಿನಡಿ ಸಿಕ್ಕಿ, ಉಳಿದದ್ದರಲ್ಲಿ ಹೂಳು ತುಂಬಿರುತ್ತದೆ. ಕಯಾಕಿನಿಂದ ಎಳೆದರೆ ಸೀರೆ ಬರುವುದಿಲ್ಲ, ದೋಣಿಯೇ ವಾಲುತ್ತದೆ. ದಡದಿಂದ ಕೊಕ್ಕೆ ಹಾಕಿ, ಹಗ್ಗವನ್ನು ಕೈಗೂ ಸೊಂಟಕ್ಕೂ ಸುತ್ತಿಕೊಳ್ಳದೆ, ಮೂರು ಜನ ಎಳೆಯಬೇಕು; ಬಾರದಿದ್ದರೆ ಬಂದಷ್ಟನ್ನು ಕತ್ತರಿಸಿಕೊಳ್ಳಬೇಕು. ಭಾರ ಹೊರಲು ಹರಿಗೋಲು ವಾಸಿ, ತಳ ಅಗಲ. ಗಿರಕಿ ಹೊಡೆಯುವುದರಿಂದ ನಡೆಸಲು ಪಳಗಿದ ಅಂಬಿಗರೇ ಬೇಕು. ತುಂಬಿಕೊಳ್ಳಲು ಬಕೆಟ್ಟಿಗಿಂತ ಚಿತ್ರದುರ್ಗದ ಕಡೆಯ ಈರುಳ್ಳಿ ಚೀಲ ಒಳ್ಳೆಯದು: ನೀರು ತಾನೇ ಸೋರಿ ಹೋಗುತ್ತದೆ.

ದೇವರ ಫೋಟೋಗಳಿಗೆ ಬೇರೆ ಬುಟ್ಟಿ ಇರಲಿ. ದಡಕ್ಕೆ ತಂದು ಹಿಂದಿನ ಮೊಳೆ ಕಿತ್ತು, ಗಾಜನ್ನು ತಗಡಿನ ಡಬ್ಬಿಗೆ, ಚೌಕಟ್ಟನ್ನು ಒಂದು ಕಡೆಗೆ ಹಾಕಿ, ಚಿತ್ರವನ್ನು ಏನು ಮಾಡಬೇಕೆಂದು ದೇವಸ್ಥಾನದವರೊಂದಿಗೆ ಮೊದಲೇ ಮಾತಾಡಿಟ್ಟುಕೊಳ್ಳಬೇಕು. ಇದು ಇತ್ಯರ್ಥವಾಗದಿದ್ದರೆ ಸಂಜೆ ಯಾರೋ ಅವನ್ನು ಭಕ್ತಿಯಿಂದಲೇ ಮತ್ತೆ ನೀರಿಗೆ ಬಿಡುತ್ತಾರೆ. ಹೂವಿನ ಹಾರದ ದಾರ, ಜರಿ ಬಿಡಿಸಿದರೆ ಉಳಿದದ್ದು ಗೊಬ್ಬರಕ್ಕಾಗುತ್ತದೆ.

ಕೆರೆಯಲ್ಲಿ ಲೆಕ್ಕ ಬೇರೆ, ಅಲ್ಲಿ ಕಸ ಒಯ್ಯುವುದು ಗಾಳಿ. ಮುಂಗಾರಿನಲ್ಲಿ ಪಡುವಣ ಗಾಳಿ ಬೀಸುವುದರಿಂದ ತೇಲುವುದೆಲ್ಲ ಮೂಡಣ ದಡದ ಮೂಲೆ ಸೇರುತ್ತದೆ. ಚೀಲ ಇಳಿಸುವ ಜಾಗವನ್ನು ಅಲ್ಲೇ ಮಾಡಿಕೊಂಡರೆ ತುಂಬಿದ ದೋಣಿಯನ್ನು ಗಾಳಿಗೆ ಎದುರಾಗಿ ನಡೆಸುವುದು ತಪ್ಪುತ್ತದೆ. ಅಂತರಗಂಗೆ ಹಬ್ಬಿದ ಕಡೆ ದೋಣಿ ನುಗ್ಗಿಸಬಾರದು, ಅಂಚಿನಿಂದ ಬಿಡಿಸುತ್ತಾ ಬರಬೇಕು. ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ. ಕೆರೆ ಏರಿಯ ಆಚೆ ನಾಲ್ಕು ದಿನ ಒಣಗಿಸಿ ಸಾಗಿಸಿದರೆ ಟ್ರ್ಯಾಕ್ಟರ್ ಬಾಡಿಗೆ ಉಳಿಯುತ್ತದೆ. ಕೈಕಾಲಿನ ಗಾಯ ಮುಚ್ಚದೆ ಇಳಿಯಬೇಡಿ, ಇಲಿಜ್ವರ ಹತ್ತುವುದು ಹಾಗೆ. ಕುಂದುವಾಡ ಕೆರೆ ದಾವಣಗೆರೆಗೆ ಕುಡಿಯುವ ನೀರು ಕೊಡುವಂಥದ್ದು, ಪಾಲಿಕೆಯ ಒಪ್ಪಿಗೆ ಇಲ್ಲದೆ ದೋಣಿ ಇಳಿಸುವ ಮಾತೇ ಬೇಡ.

ಭದ್ರಾ ನಾಲೆಯಲ್ಲಂತೂ ನೀರು ಹರಿಯುವಾಗ ದೋಣಿ ಬೇಡವೇ ಬೇಡ. ಇಳಿಜಾರು ಗೋಡೆಗೆ ಪಾಚಿ ಕಟ್ಟಿರುತ್ತದೆ, ಬಿದ್ದವರು ಹತ್ತಲಾರರು. ಮುಂದೆ ತೂಬು, ಗೇಟು. ನೀರು ನಿಲ್ಲಿಸಿದ ಮೇಲೆ ನಡೆದುಕೊಂಡೇ ಆಯಬೇಕು. ಮತ್ತೆ ಯಾವಾಗ ಬಿಡುತ್ತಾರೆಂದು ನೀರಾವರಿ ಕಚೇರಿಯಲ್ಲಿ ಕೇಳಿಕೊಂಡು, ಅದಕ್ಕೆ ಎರಡು ದಿನ ಮೊದಲೇ ಚೀಲಗಳನ್ನು ಏರಿಗೆ ಹತ್ತಿಸಿಬಿಡಿ.