ಬೀಜವಿಲ್ಲದ ಬಚ್ಚಂಗಾಯಿಗೆ ಗಂಡು ಹುಡುಕಿದ್ದು

ಕೊನೆಗೂ ಕಾಯಿ ನಿಂತಿತು! ಬಿಳಿ ನೂಲು ಕಟ್ಟಿದ ಬಚ್ಚಂಗಾಯಿ (ಕಲ್ಲಂಗಡಿ) ಮಿಡಿಗಳೆಲ್ಲ ಮೂಸಂಬಿ ಗಾತ್ರ ದಾಟಿವೆ. ಮೈಮೇಲಿನ ರೋಮ ಉದುರಿ ಹೊಳಪು ಬಂದಿದೆ, ತೊಟ್ಟು ಗಟ್ಟಿಯಾಗಿದೆ. ಕೆಂಪು ನೂಲಿನವು ಒಂದೂ ಉಳಿದಿಲ್ಲ. ನೂಲಿನ ಕಥೆಗೆ ಆಮೇಲೆ ಬರುತ್ತೇನೆ.

ಗುಂಡಿ, ಹಟ್ಟಿಗೊಬ್ಬರ, ಡ್ರಿಪ್ ಇವೆಲ್ಲ ನಿಮಗೆ ಗೊತ್ತಿರುವುದೇ. ಕಾಸರಗೋಡಿನ ಎಣ್ಮಕಜೆ ಕಡೆಯ ಮಜಲು (ನಡುಮಟ್ಟದ) ಗದ್ದೆ, ಏಣೆಲು ಎಂಬ ಮಳೆಗಾಲದ ಭತ್ತ ಕೊಯ್ದ ಮೇಲೆ ಖಾಲಿ ಬಿದ್ದಿತ್ತು. ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು ಟ್ಯಾಂಕಿಗೆ ಬರುತ್ತದೆ, ಡ್ರಿಪ್ಪಿಗೆ ಅದು ಧಾರಾಳ ಸಾಕು. ಮುರಕಲ್ಲಿನ (ಜಂಬಿಟ್ಟಿಗೆಯ) ಮಣ್ಣು ಹುಳಿ, ಬಚ್ಚಂಗಾಯಿಗೆ ಪಿಎಚ್ 6ರಿಂದ 7 ಬೇಕು. ಹಾಗಾಗಿ ಸುಣ್ಣ ಮೊದಲೇ ಹಾಕಿಯಾಗಿತ್ತು. ಬೀಜ ಊರಿದ್ದು ಡಿಸೆಂಬರ್ ಮೊದಲ ವಾರ. ನಮ್ಮ ಕಡೆ ಅದಕ್ಕಿಂತ ಬೇಗ ಹೋದರೆ ಹಿಂಗಾರು ಮಳೆಯ ಬಾಲ ಸಿಕ್ಕಿ ಬುಡ ಕೊಳೆಯುತ್ತದೆ. ಜನವರಿ ಕೊನೆಗೆ ಎಳೆದರೆ ಕಾಯಿ ಬಲಿಯುವ ಹೊತ್ತಿಗೆ ಏಪ್ರಿಲ್ ಮಳೆ ಬಂದು ಕಾಯಿ ಬಿರಿಯುತ್ತದೆ, ಬಿರಿಯದಿದ್ದರೂ ನೀರು ನೀರು. ತೊಂಬತ್ತು ದಿನದ ಬೆಳೆಗೆ ಇಷ್ಟೇ ಕಿಂಡಿ.

ಸಾಮಾನು ಕೊಡುವವರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನೆಲ ಮುಚ್ಚುವ ಮಲ್ಚಿಂಗ್ ಶೀಟು ಬಂತು, ಬಿಡಿಸಿದರೆ ಒಂದೂವರೆ ಅಡಿಗೊಂದು ತೂತು. ಮೆಣಸಿನ ಗಿಡಕ್ಕೆ ಮಾಡಿದ್ದು! ಬೇಡದ ತೂತಿಗೆಲ್ಲ ಟೇಪು ಅಂಟಿಸುತ್ತಾ ಕೂತೆ. ಇನ್ನು ಕೊಕೊಪೀಟ್. 1916ರಿಂದ ತೆಂಗಿನ ಸಂಶೋಧನಾ ಕೇಂದ್ರ ಇರುವ ಕಾಸರಗೋಡಿನಲ್ಲಿ ಕೂತು ತೆಂಗಿನ ನಾರಿನ ಪುಡಿಯನ್ನು ಪೊಳ್ಳಾಚಿಯಿಂದ ತರಿಸುವುದಕ್ಕೆ ಏನೆನ್ನಬೇಕೋ ನೀವೇ ಹೇಳಿ.

ಈಗ ವಿಷಯಕ್ಕೆ. ಈ ಸಲ ಹಾಕಿದ್ದು ಬೀಜವಿಲ್ಲದ ತಳಿ. ಮೊಳಕೆಯದ್ದೇ ಒಂದು ತಲೆನೋವು, ಬಿತ್ತುವ ಬೀಜದ ಸಿಪ್ಪೆ ದಪ್ಪ, ಬಿಸಿ 30 ಡಿಗ್ರಿ ಹತ್ತಿರ ಇರಬೇಕು, ನೀರು ಜಾಸ್ತಿಯಾದರೆ ಒಳಗೇ ಕೊಳೆತುಹೋಗುತ್ತದೆ. ಅದನ್ನು ದಾಟಿದೆವು. ಬಳ್ಳಿ ಹಬ್ಬಿತು. ಮೊದಲು ಬರೀ ಗಂಡು ಹೂ, ಆಮೇಲೆ ಜನವರಿ ನಡುವಿಗೆ ಹೆಣ್ಣು ಹೂ. ಹೂವಿನಡಿ ಪುಟ್ಟ ರೋಮದ ಮಿಡಿ ನೋಡಿ ಖುಷಿಯೋ ಖುಷಿ. ಎರಡು ಮೂರು ದಿನಕ್ಕೆ ಮಿಡಿಯ ತುದಿ ಹಳದಿ, ಆಮೇಲೆ ಸುಕ್ಕು, ಆಮೇಲೆ ನೆಲಕ್ಕೆ. ಎಲ್ಲಾ ಬಳ್ಳಿಯಲ್ಲೂ ಇದೇ ಕಥೆ.

ಮೊದಲ ಅನುಮಾನ ಹಣ್ಣುನೊಣದ ಮೇಲೆ. ಉದುರಿದ್ದನ್ನು ಬ್ಲೇಡಿನಲ್ಲಿ ಸೀಳಿ ನೋಡಿದೆ. ಹುಳು ಇಲ್ಲ, ಚುಚ್ಚಿದ ಗುರುತೂ ಇಲ್ಲ. ನೀರು ಹೆಚ್ಚು ಕಡಿಮೆ ಮಾಡಿ ನೋಡಿದೆ. ಬೋರಾನ್ ಕೊಟ್ಟೆ. ಸಾರಜನಕ ಜಾಸ್ತಿಯಾಗಿ ಬಳ್ಳಿ ಸೊಕ್ಕಿದೆ ಎಂದರು ಒಬ್ಬರು, ಅದನ್ನೂ ನಿಲ್ಲಿಸಿದೆ. ಏನೂ ಬದಲಾಗಲಿಲ್ಲ.

ಮತ್ತೆ ಜೇನಿನ ಮೇಲೆ ಅನುಮಾನ. ಎದುರು ಗುಡ್ಡದಲ್ಲಿ ಗೇರು ಹೂ ಬಿಟ್ಟಿದೆ, ತುಡುವೆ ಜೇನುಗಳೆಲ್ಲ ಅಲ್ಲಿಗೆ ಹೋಗಿವೆ ಎಂದುಕೊಂಡೆ. ನಮ್ಮೂರಲ್ಲಿ ಗೇರು, ಜೇನು ಎಂದರೆ ಹಳಬರು ಒಂದು ನಿಮಿಷ ಸುಮ್ಮನಾಗುತ್ತಾರೆ. ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರು ಇದು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಮದ್ದನ್ನೇ ದೇಶದಲ್ಲಿ ತಡೆಯಿತು, ಆದರೂ ಮದ್ದು ಸಿಂಪಡಿಸೋಣ ಎಂದರೆ ನಮ್ಮ ಮನೆಯಲ್ಲಿ ಈಗಲೂ ಯಾರೂ ಒಪ್ಪುವುದಿಲ್ಲ. ನನಗೂ ಮನಸ್ಸಿಲ್ಲ.

ಸರಿ, ಕೈಯಿಂದಲೇ ಪರಾಗ ಸೋಕಿಸೋಣ ಎಂದು ಬೆಳಗ್ಗೆ ಏಳಕ್ಕೆಲ್ಲ ಗದ್ದೆಗೆ ಇಳಿದೆ. ಹೂ ಅರಳುವುದು ಒಂದೇ ದಿನ, ಬಿಸಿಲೇರಿದರೆ ಮುಗಿಯಿತು. ಅದೇ ಬಳ್ಳಿಯ ಗಂಡು ಹೂ ಕಿತ್ತು, ದಳ ಬಿಡಿಸಿ, ಹೆಣ್ಣು ಹೂವಿನ ಮೂರೂ ಭಾಗಕ್ಕೆ ಉಜ್ಜಿ, ಗುರುತಿಗೆ ಕೆಂಪು ನೂಲು ಕಟ್ಟಿದೆ. ಅವೂ ಉದುರಿದವು.

ಆ ಹೊತ್ತಿಗೆ ಕೆಳಗಿನ ಗದ್ದೆಯ ಮಾವ ಕಟ್ಟಹುಣಿಯ ಮೇಲೆ ಬಂದು ನಿಂತರು. ಅವರದ್ದು ಬೀಜವಿರುವ ಮಾಮೂಲಿ ತಳಿ, ಶುಗರ್ ಬೇಬಿ, ಬಳ್ಳಿ ತುಂಬ ಕಾಯಿ. ನನ್ನ ಗಂಡು ಹೂವನ್ನು ಬೆರಳಿಗೆ ಉಜ್ಜಿ ನೋಡಿದರು. "ಇದರಲ್ಲಿ ಹುಡಿಯೇ ಇಲ್ಲ ಅಲ್ವಾ ಮಾರಾಯ. ಮದುಮಗ ಇಲ್ಲದೆ ದಿಬ್ಬಣ ಹೊರಡ್ಲಿಕ್ಕುಂಟಾ?"

ಅವರ ಗದ್ದೆಯ ಒಂದು ಗಂಡು ಹೂ, ನನ್ನದೊಂದು. ಎರಡನ್ನೂ ಮೊಬೈಲಿನ ಕಪ್ಪು ಪರದೆಗೆ ತಟ್ಟಿದೆ. ಅವರದ್ದು ದಟ್ಟ ಹಳದಿ ಗೆರೆ ಬಿಟ್ಟಿತು. ನನ್ನದು ಹೆಸರಿಗೊಂದಿಷ್ಟು ಧೂಳು.

ಕಾರಣ ಹೀಗೆ. ಮಾಮೂಲಿ ಬಚ್ಚಂಗಾಯಿಗೆ 22 ಕ್ರೋಮೋಸೋಮು. ಅದನ್ನು 44 ಇರುವ ಗಿಡದ ಜೊತೆ ಸೇರಿಸಿದರೆ 33ರ ಗಿಡ ಹುಟ್ಟುತ್ತದೆ. 33 ಜೋಡಿಯಾಗಿ ಒಡೆಯುವುದಿಲ್ಲ, ಹಾಗಾಗಿ ಬೀಜವೂ ಕಟ್ಟುವುದಿಲ್ಲ, ಪರಾಗವೂ ಜೊಳ್ಳು. ಆದರೆ ಜೀವ ಇರುವ ಪರಾಗ ಬಿದ್ದರೆ ಮಾತ್ರ ಮಿಡಿ ಊದುವುದು. ಬೀಜ ಬೇಡ, ಪರಾಗ ಬೇಕು. ಅದಕ್ಕೇ ಎರಡು ಮೂರು ಸಾಲಿಗೊಂದು ಮಾಮೂಲಿ ತಳಿಯ ಸಾಲು ಹಾಕಬೇಕು.

ಅಂಗಡಿಯವರು ದೊಡ್ಡ ಪೊಟ್ಟಣ ಒಡೆದು ಬಿಡಿಯಾಗಿ ಮಾರಿದ್ದರು. ಗಂಡಿಗೆಂದು ಜೊತೆಗೆ ಬರುವ ಚಿಕ್ಕ ಪೊಟ್ಟಣ ಬೇರೆಯೇ ಇತ್ತಂತೆ. ಕೇಳಿದರೆ, "ಅದು ಸ್ಯಾಂಪಲ್ ಅಂತ ಬೇರೆಯವರಿಗೆ ಕೊಟ್ಟೆವು ಸಾರ್." ಆಹಾ! ಈ ಬೀಜದ ರೇಟಿಗೆ ಆ ಮಾತನ್ನು ನಗುತ್ತಾ ಹೇಳಲು ಧೈರ್ಯ ಬೇಕು.

ಮರುದಿನದಿಂದ ಮಾವನ ಗದ್ದೆಯ ಗಂಡು ಹೂ ಬುಟ್ಟಿಯಲ್ಲಿ ತಂದು ಬಿಳಿ ನೂಲು. ಫಲಿತಾಂಶ ಮೊದಲೇ ಹೇಳಿದೆ. ಬಳ್ಳಿಗೆ ಎರಡು ಕಾಯಿ ಬಿಟ್ಟು ಉಳಿದದ್ದು ಚಿವುಟುತ್ತಿದ್ದೇನೆ, ಎಷ್ಟು ಹೊಟ್ಟೆ ಉರಿದರೂ.

ಮುಂದಿನದ್ದು ತಲೆಯಲ್ಲಿ ಆಗಲೇ ಶುರುವಾಗಿದೆ. ಇಲ್ಲಿ ಬಚ್ಚಂಗಾಯಿಗೆ ಬೆಲೆ ರಂಜಾನ್ ತಿಂಗಳಲ್ಲಿ. ಅದು ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. 2026ರಲ್ಲಿ ಶುರು ಫೆಬ್ರವರಿ ಮೂರನೇ ವಾರ, 2028ರಲ್ಲಿ ಜನವರಿ ಕೊನೆಗೇ. ಆಗ ನವೆಂಬರ್ ಮೊದಲಿಗೇ ಗಿಡ ನೆಲದಲ್ಲಿರಬೇಕು, ಹಿಂಗಾರು ಮಳೆ ಇನ್ನೂ ತಲೆ ಮೇಲಿರುತ್ತದೆ. ಟೆರೇಸಿನಲ್ಲಿ ಶೀಟಿನಡಿ ಟ್ರೇಯಲ್ಲಿ ಸಸಿ ಮಾಡಿ, ಮಜಲಿನ ಬದಲು ನೀರು ಬಸಿಯುವ ಬೆಟ್ಟು ಗದ್ದೆಯಲ್ಲಿ ಎತ್ತರದ ಸಾಲಿಗೆ ನೆಡುವ ಯೋಚನೆ ಇದೆ. ಅಲ್ಲಿಗೆ ಸುರಂಗದ ನೀರು ಏರಿಸುವುದು ಹೇಗೆ ಎಂದು ಇನ್ನೂ ಲೆಕ್ಕ ಹಾಕುತ್ತಿದ್ದೇನೆ. ಬದಿಯಲ್ಲಿ ಎರಡು ಮುಜಂಟಿ (ಚುಚ್ಚದ ಸಣ್ಣ ಜೇನು) ಪೆಟ್ಟಿಗೆಯನ್ನೂ ಇಡಬೇಕು, ಬೆಳಗ್ಗೆ ಬುಟ್ಟಿ ಹಿಡಿಯುವ ಕೆಲಸ ಅವಕ್ಕೆ ಬಿಟ್ಟುಬಿಡೋಣ. ಗಂಡು ಸಾಲಿಗೆ ಶುಗರ್ ಬೇಬಿಯೇ. ನನ್ನದು ಪಟ್ಟೆ ಕಾಯಿ, ಅದು ಕಡು ಹಸಿರು. ಕೊಯ್ಯುವಾಗ ಬೀಜದ್ದು ಯಾವುದು, ಇಲ್ಲದ್ದು ಯಾವುದು ಎಂದು ತಟ್ಟಿ ನೋಡುತ್ತಾ ಕೂರಬೇಕಿಲ್ಲ.