ಕಾಫಿ ಕಣದಲ್ಲಿ ಕಳೆದ ರಜೆ

ಡಿಸೆಂಬರ್ ಕೊನೆಯ ವಾರ ಕೊಡಗಿಗೆ ಬರುವವರಿಗೆಲ್ಲ ರಜೆ. ಇಲ್ಲೇ ಇರುವ ನಮಗೆ ಮಾತ್ರ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಅರೇಬಿಕಾ ಕಾಫಿ ಹಣ್ಣಾಗಿರುತ್ತದೆ, ಕುಯ್ಯುವವರು ಸಿಗುವುದಿಲ್ಲ. ಅವರು ಸಿಕ್ಕ ದಿನ ಮೋಡ ಕವಿಯುತ್ತದೆ. 2024ರ ಡಿಸೆಂಬರಂತೂ ಶುರುವಾಗಿದ್ದೇ ಫೆಂಗಲ್ ಚಂಡಮಾರುತದ ಮಳೆಯಿಂದ. ಹಣ್ಣು ಒಡೆದು ಗಿಡದ ಬುಡಕ್ಕೆ ಉದುರಿತ್ತು. ಹಾಗಾಗಿ ಬಿಸಿಲು ಬಂತೆಂದರೆ ಸಾಕು, ಮನೆಮಂದಿಯೆಲ್ಲ ಕಾಫಿ ಒಣಗಿಸುವ ಕಣದಲ್ಲೇ.

ಸುಂಟಿಕೊಪ್ಪದ ಹತ್ತಿರ ನಮ್ಮ ಪುಟ್ಟ ತೋಟ. ಕ್ರಿಸ್‌ಮಸ್ ರಜೆಗೆಂದು ಬೆಂಗಳೂರಿನಿಂದ ಅಕ್ಕ, ಭಾವ, ಅವರ ಮಗ ಬಂದಿದ್ದರು. 27ನೇ ತಾರೀಕು ಶುಕ್ರವಾರ ಮಡಿಕೇರಿ ಸುತ್ತಿಸುತ್ತೇನೆಂದು ಭಾವ ಮಗನಿಗೆ ಮಾತು ಕೊಟ್ಟಿದ್ದರು. ಶುಕ್ರವಾರ ಮಡಿಕೇರಿ ಸಂತೆ. ಅದರ ಮೇಲೆ ರಾಜಾಸೀಟು, ಅಬ್ಬಿ ಜಲಪಾತ ಅಂತ ಹೊರಟವರ ಕಾರುಗಳ ಸಾಲು. ಹಿಂದಿನ ರಾತ್ರಿ ಮನಮೋಹನ್ ಸಿಂಗ್ ತೀರಿಕೊಂಡರೆಂದು ಸರ್ಕಾರ ಬೇರೆ ರಜೆ ಕೊಟ್ಟಿತ್ತು. "ಇವತ್ತು ಆ ಕಡೆ ಹೋದರೆ ನಾಳೆ ಬರ್ತೀರಿ ಅಷ್ಟೆ" ಎಂದರು ಚಿಕ್ಕಪ್ಪ. ಭಾವ ಪ್ಯಾಂಟ್ ಬಿಚ್ಚಿ ಲುಂಗಿ ಉಟ್ಟುಕೊಂಡು ಕಣಕ್ಕೇ ಬಂದರು.

ಬರಲು ಇನ್ನೊಂದು ಕಾರಣವೂ ಇತ್ತು. ಆಸ್ಟ್ರೇಲಿಯಾ ಎದುರಿನ ಮೆಲ್ಬರ್ನ್ ಟೆಸ್ಟಿನ ಎರಡನೇ ದಿನ ಅದು. ನಮ್ಮಲ್ಲಿ ಬೆಳಗಿನ ಐದಕ್ಕೇ ಆಟ ಶುರು. ಕಾಫಿಯ ಮೇಲೆ ಹೊದಿಸಿದ ಟಾರ್ಪಲನ್ನು ಇಬ್ಬನಿ ಆರುವ ತನಕ ತೆಗೆಯುವಂತಿಲ್ಲ. ಹಾಗಾಗಿ ಅಲ್ಲಿಯವರೆಗೆ ಟೀವಿ ಮುಂದೆ ಬೆಲ್ಲದ ಕಾಫಿ ಕುಡಿಯುತ್ತಾ ಸ್ಟೀವ್ ಸ್ಮಿತ್‌ಗೆ ಬೈಯುತ್ತಾ ಕೂತಿದ್ದೆವು. ಬಿಸಿಲೇರಿದ ಮೇಲೆ ಅಳಿಯನ, ಅಂದರೆ ಅಕ್ಕನ ಮಗನ, ಮೊಬೈಲ್ ಕಣಕ್ಕೆ ವರ್ಗವಾಯಿತು. ನಮ್ಮ ಕಣದಲ್ಲಿ ನೆಟ್‌ವರ್ಕ್ ಸಿಗುವುದು ಒಂದೇ ಕಡೆ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶೆಡ್ಡಿನ ಕಟ್ಟೆಯ ಮೂಲೆಯಲ್ಲಿ. ಫೋನನ್ನು ಅಲ್ಲಿ ಒರಗಿಸಿಟ್ಟೆವು. ಮರದ ಹಲಗೆಯಲ್ಲಿ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ) ಎಳೆಯುತ್ತಾ ಆ ಮೂಲೆಗೆ ಹೋದವರು ಸ್ಕೋರ್ ಕೂಗಿ ಹೇಳಬೇಕು. ಆ ಮೂಲೆಯ ಕಾಫಿಯಷ್ಟು ಚೆನ್ನಾಗಿ ಕಣದ ಬೇರೆ ಯಾವ ಕಾಫಿಯೂ ಒಣಗಲಿಲ್ಲ ಅನ್ನಿ.

"ಹಾಕಿ ಜಿಲ್ಲೆಯಲ್ಲಿ ಕೂತು ಕ್ರಿಕೆಟ್ ನೋಡ್ತೀರಲ್ಲ" ಎಂದು ಭಾವ ಕೆಣಕಿದರು. ಹಾಕಿಗೆ ನಮ್ಮಲ್ಲಿ ಬೇರೆ ಕಾಲ ಇದೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಬೇಸಿಗೆಯದ್ದು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡಿದವು. ಕಾಫಿ ಮಾರಿ, ಕೈ ಖಾಲಿಯಾದ ಮೇಲೆ ಆಟ. ಕ್ರಿಕೆಟ್‌ನವರಿಗೆ ಅಷ್ಟು ವ್ಯವಹಾರಜ್ಞಾನ ಇಲ್ಲ, ಕುಯ್ಲಿನ ನಡುವೆಯೇ ಟೆಸ್ಟ್ ಇಡುತ್ತಾರೆ.

ಮಾತು ತಾನಾಗಿಯೇ ಮನಮೋಹನ್ ಸಿಂಗರ ಕಡೆ ತಿರುಗಿತು. ಭಾವನಿಗೆ ಅವರೆಂದರೆ ಬಾಯಿ ಬಿಡದ ಪ್ರಧಾನಿ, ಅಷ್ಟೇ. ಚಿಕ್ಕಪ್ಪ ಹಲಗೆ ನಿಲ್ಲಿಸಿದರು. "ಅಳಿಯಂದಿರೇ, ಈ ಕಾಫಿ ನಂದು ಅಂತ ನಾನು ಹೇಳೋ ಹಾಗಾದದ್ದು ಯಾವಾಗ ಗೊತ್ತಾ?"

ಆಮೇಲೆ ಪೂಲ್ ಕಾಲದ ಕಥೆ ಹೊರಬಂತು. ನಾನು ಎಷ್ಟೋ ಸಲ ಕೇಳಿದ್ದೇ, ಆದರೆ ಪ್ರತಿ ಸಲವೂ ಒಂದಿಷ್ಟು ಹೊಸದು ಸೇರಿರುತ್ತದೆ. ಆಗ ಬೆಳೆದ ಕಾಫಿಯನ್ನೆಲ್ಲ ಸರ್ಕಾರದ ಕಾಫಿ ಬೋರ್ಡಿನ ಪೂಲ್‌ಗೆ ಹಾಕಬೇಕಿತ್ತು, ಎಲ್ಲರದ್ದನ್ನೂ ಒಟ್ಟು ಸೇರಿಸಿ ಬೋರ್ಡೇ ಮಾರುತ್ತಿತ್ತು. ಮನೆ ಖರ್ಚಿಗೆ ಸ್ವಲ್ಪ ಇಟ್ಟುಕೊಳ್ಳಬಹುದು, ಉಳಿದದ್ದು ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ. ಹೊರಗೆ ಮಾರಿದರೆ ಅಪರಾಧ. ದುಡ್ಡು ಒಟ್ಟಿಗೆ ಕೊಡುತ್ತಿರಲಿಲ್ಲ. ಕಾಫಿಯ ಗುಣಮಟ್ಟಕ್ಕೆ ಪಾಯಿಂಟ್ ಲೆಕ್ಕ ಹಾಕಿ ಕಂತು ಕಂತಾಗಿ ಬರುತ್ತಿತ್ತು. ಈ ವರ್ಷದ ಕಾಫಿಯ ಕೊನೆಯ ಕಂತು ಕೈಗೆ ಸಿಗುವಷ್ಟರಲ್ಲಿ ಮುಂದಿನ ವರ್ಷದ ಹಣ್ಣು ಗಿಡದಲ್ಲಿ ಕೆಂಪಾಗಿರುತ್ತಿತ್ತಂತೆ. ಅಜ್ಜಿ ಮಾತ್ರ ನೆಂಟರ ಮನೆಗೆ ಹೋಗುವಾಗ ಬಟ್ಟೆಯ ಗಂಟಿನೊಳಗೆ ಎರಡು ಸೇರು ಕಾಫಿ ಬೀಜ ಅಡಗಿಸಿಕೊಂಡೇ ಹೋಗುತ್ತಿದ್ದರು. ಬಸ್ಸಿನಲ್ಲಿ ಖಾಕಿ ಕಂಡರೆ ದೇವರ ನಾಮ ಹೇಳುತ್ತಿದ್ದರಂತೆ. ಈ ಸಲ ಹೊಸದಾಗಿ ಸೇರಿದ್ದು ಈ ದೇವರ ನಾಮ.

1992ರಲ್ಲಿ ಬೆಳೆಯ ನೂರಕ್ಕೆ 30 ಪಾಲನ್ನು ದೇಶದೊಳಗೆ ನಾವೇ ಮಾರಬಹುದೆಂದು ಆಯಿತು. ಆಮೇಲೆ ಆ ಪಾಲು ಏರುತ್ತಾ ಹೋಗಿ, 1996ರ ಹೊತ್ತಿಗೆ ಪೂಲ್ ಪೂರ್ತಿ ಎದ್ದುಹೋಯಿತು. ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಗಿಡಗಳು ಸುಟ್ಟುಹೋದವು. ಇಲ್ಲಿ ರೇಟು ಗಗನಕ್ಕೆ ಹೋಯಿತು. ನಮ್ಮ ಹೆಂಚಿನ ಮನೆ ಎದ್ದದ್ದು ಆ ದುಡ್ಡಿನಲ್ಲಿ.

"ಅದೆಲ್ಲ ಮನಮೋಹನ್ ಸಿಂಗ್ ಮಾಡಿದ್ದು" ಎಂದರು ಚಿಕ್ಕಪ್ಪ.

"ಮಾವ, ಆಗ ಅವರು ಹಣಕಾಸು ಮಂತ್ರಿ. ಕಾಫಿ ಬೋರ್ಡ್ ಬರೋದು ವಾಣಿಜ್ಯ ಇಲಾಖೆಗೆ. ಪ್ರಧಾನಿ ನರಸಿಂಹ ರಾವ್. ಹೊಗಳೋದಾದ್ರೆ ಅವರನ್ನು ಹೊಗಳಿ."

"ಯಾರೋ ಒಬ್ಬರು ಬೀಗ ತೆಗೆದ್ರಲ್ಲ?"

"ಬೀಗ ತೆಗೆದ ಮೇಲೆ 2000ದ ಆಚೆ ರೇಟು ನೆಲ ಕಚ್ಚಿತಲ್ಲ, ಅದನ್ನು ಯಾರ ಲೆಕ್ಕಕ್ಕೆ ಬರೀತೀರಿ?"

ಇದಕ್ಕೆ ಚಿಕ್ಕಪ್ಪನ ಬಳಿ ಉತ್ತರ ಇರಲಿಲ್ಲ. ಆಗ ಗೊಬ್ಬರ ಹಾಕಲೂ ದುಡ್ಡಿಲ್ಲದೆ ತೋಟವನ್ನು ಹಾಗೇ ಬಿಟ್ಟವರನ್ನು ನಾನೂ ನೋಡಿದ್ದೇನೆ. ಪೂಲ್ ಇದ್ದಿದ್ದರೆ ಸಣ್ಣವರು ಅಷ್ಟು ಏಟು ತಿನ್ನುತ್ತಿರಲಿಲ್ಲ ಎನ್ನುವವರು ಇವತ್ತಿಗೂ ಇದ್ದಾರೆ. ನಾನು ಚಿಕ್ಕಪ್ಪನ ಕಡೆ. ಆದರೆ ಅವತ್ತು ಅವರು ಗೆದ್ದದ್ದು ವಾದದಿಂದಲ್ಲ, ಆ ವರ್ಷದ ರೇಟಿನಿಂದ. ಅಲ್ಲಿಯವರೆಗೆ ಯಾರೂ ಕಂಡಿರದಂಥ ಬೆಲೆ ಬಂದಿದ್ದಾಗ ಕಣದಲ್ಲಿ ನಿಂತು ಪೂಲ್ ಪರ ಮಾತಾಡಲು ಭಂಡ ಧೈರ್ಯ ಬೇಕಿತ್ತು.

ಒಂದು ಸಮಾಧಾನ ಇತ್ತು. ನಮ್ಮೂರ ರಾಜಕೀಯದ ಮಾತು ಸಾಮಾನ್ಯವಾಗಿ ಜಾತಿ, ಪಕ್ಷ, ಟಿಕೆಟ್ಟು ಅಂತ ಹೋಗಿ ಜಗಳದಲ್ಲಿ ಮುಗಿಯುತ್ತದೆ. ಇಲ್ಲವೇ 1956ಕ್ಕೆ ಮುಂಚೆ ಕೊಡಗು ತಾನೇ ಒಂದು ರಾಜ್ಯವಾಗಿತ್ತು, 24 ಶಾಸಕರಿದ್ದರು, ಈಗ ಎರಡೇ ಎರಡು ಎಂಬ ಹಳೇ ಕೊರಗಿಗೆ ಹೋಗುತ್ತದೆ. ಅವತ್ತು ಚೀಲ, ಕಂತು, ರೇಟು ಎಂದು ಮಾತು ನೆಲ ಬಿಟ್ಟು ಏಳಲಿಲ್ಲ. ಕೈಯಲ್ಲಿ ಹಲಗೆ ಇದ್ದುದರಿಂದಲೂ ಇರಬಹುದು.

ಅಷ್ಟರಲ್ಲಿ ಅಳಿಯ ಕಿರುಚಿದ. 82ಕ್ಕೆ ಜೈಸ್ವಾಲ್ ರನ್‌ಔಟ್. ಓಡಿದ್ದು ತಪ್ಪೋ, ಕೊಹ್ಲಿ ಓಡದಿದ್ದದ್ದು ತಪ್ಪೋ ಎಂದು ಇನ್ನೊಂದು ಪಂಚಾಯಿತಿ ಶುರುವಾಯಿತು. ಅದು ಮುಗಿಯುವ ಮೊದಲೇ ಕೊಹ್ಲಿಯೂ ಔಟ್. ದಿನದ ಕೊನೆಗೆ ಐದು ವಿಕೆಟ್‌ಗೆ 164. ಚಿಕ್ಕಪ್ಪ ಪಾರ್ಚ್‌ಮೆಂಟಿನ ಒಂದು ಬೀಜ ಸುಲಿದು ಹಲ್ಲಲ್ಲಿ ಕಡಿದು ನೋಡಿದರು. "ಇನ್ನೂ ಎರಡು ಬಿಸಿಲು ಬೇಕು" ಎಂದರು. ಕಾಫಿಗೋ ಇಂಡಿಯಾ ಟೀಮಿಗೋ ತಿಳಿಯಲಿಲ್ಲ.

ಅಕ್ಕ ಈ ಯಾವುದಕ್ಕೂ ಸೇರಲಿಲ್ಲ. ಜಗಲಿಯಲ್ಲಿ ಕಿತ್ತಳೆ ಸುಲಿಯುತ್ತಾ ಕೊಡಗಿನ ಗೌರಮ್ಮನ ಕಥೆಗಳನ್ನು ಓದುತ್ತಿದ್ದಳು. ಊಟಕ್ಕೆ ಕೂತಾಗ ಪೇಪರ್ ತಂದು ಹಾಕಿದಳು. ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ನೂರು ವರ್ಷವಾದ ಸಂಭ್ರಮದ ಸುದ್ದಿ ಅದರಲ್ಲಿತ್ತು. ಮನಮೋಹನ್ ಸಿಂಗರ ಸಾವಿನ ಸುದ್ದಿ ಬಂದು ಅವತ್ತಿನ ಸಮಾವೇಶ ನಿಂತುಹೋಗಿತ್ತು. "ಗಾಂಧಿ ಇಲ್ಲೇ ನಮ್ಮ ಸುಂಟಿಕೊಪ್ಪದ ಹತ್ರ ಬಂದಿದ್ರು, ಅದನ್ನು ಯಾರಾದ್ರೂ ನೆನೆಸ್ಕೊಳ್ತೀರಾ?" ಎಂದಳು. 1934ರಲ್ಲಿ ಗಾಂಧಿ ಕೊಡಗಿಗೆ ಬಂದಾಗ ತಮ್ಮ ಮನೆಗೂ ಬರಲೇಬೇಕೆಂದು ಗೌರಮ್ಮ ಉಪವಾಸ ಕೂತರು. ಗಾಂಧಿ ಅವರ ಮನೆಗೆ ಹೋದರು. ಆಕೆ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟರು. ಆಗ ಆಕೆಗೆ ಇಪ್ಪತ್ತೆರಡರ ಆಸುಪಾಸು. ಕಥೆ ಬರೆಯುತ್ತಿದ್ದರು, ಟೆನಿಸ್ ಆಡುತ್ತಿದ್ದರು, ಈಜುತ್ತಿದ್ದರು. 1939ರಲ್ಲಿ ಈಜಲು ಇಳಿದ ನೀರಲ್ಲೇ ಹೋಗಿಬಿಟ್ಟರು. ಅಳಿಯ ಊಟ ಬಿಟ್ಟು ಕೇಳಿದ, "ಆಗಿನ ಕಾಲದಲ್ಲಿ ಟೆನಿಸ್ಸಾ?" ಪುಸ್ತಕ ಅವನ ಕೈಗೆ ಹೋಯಿತು. ಓದಿದನೋ ಇಲ್ಲವೋ, ಸಂಜೆಯವರೆಗೆ ಮೊಬೈಲ್ ಮುಟ್ಟಲಿಲ್ಲ. ಚಾರ್ಜೂ ಇರಲಿಲ್ಲ ಅನ್ನಿ.

ಮಾರನೇ ದಿನ ಭಾವ ಹಟ ಹಿಡಿದು ಮಡಿಕೇರಿಗೆ ಹೊರಟೇಬಿಟ್ಟರು. ಚಿಕ್ಕಪ್ಪ ಹೇಳಿದ್ದೇ ಆಯಿತು, ಕಾರುಗಳ ಸಾಲಲ್ಲಿ ಸಿಕ್ಕಿಕೊಂಡರು. ನಿತೀಶ್ ರೆಡ್ಡಿ 99ರಲ್ಲಿದ್ದಾಗ ಅವರಿಗೆ ನೆಟ್‌ವರ್ಕ್ ಹೋಯಿತಂತೆ. ನನಗೆ ಫೋನ್ ಬಂತು. ಸಿರಾಜ್ ಮೂರು ಎಸೆತ ತಡೆದದ್ದು, ರೆಡ್ಡಿ ಬೌಂಡರಿ ಹೊಡೆದು ನೂರು ಮಾಡಿದ್ದು, ಅವರಪ್ಪ ಗ್ಯಾಲರಿಯಲ್ಲಿ ಅತ್ತದ್ದು, ಎಲ್ಲವನ್ನೂ ಕಟ್ಟೆಯ ಮೂಲೆಯಲ್ಲಿ ನಿಂತು ಕಾಮೆಂಟರಿ ಕೊಟ್ಟೆ. ಹಿಂದಿನಿಂದ ಚಿಕ್ಕಪ್ಪ ಕೂಗಿದರು, "ಫೋನಿಡು, ಮೋಡ ಬರ್ತಾ ಇದೆ, ಟಾರ್ಪಲ್ ಎಳಿ!"