ಸುರಂಗದ ಬಾಯಲ್ಲಿ ಕೂತವರು

ಈ ವಾರ ಅಜ್ಜಿಯ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿಯಿತು. ಊಟ ಆದ ಮೇಲೆ ಚಪ್ಪರದಲ್ಲಿ ಎಲೆಯಡಿಕೆಯ ತಟ್ಟೆ ಸುತ್ತುತ್ತಿತ್ತು. ಮೂಲೆಯ ಬೆಂಚಿನಲ್ಲಿ ಕೂತಿದ್ದ ವಯಸ್ಸಾದವರೊಬ್ಬರು ಅಜ್ಜಿಯನ್ನು ನೆನೆದು ತುಳುವಿನಲ್ಲಿ ಹೇಳಿದರು: "ಸುರಂಗದ ಬಾಯಲ್ಲಿ ದೊಡ್ಡಕ್ಕ ಕೂತಿದ್ದಾರೆ ಅಂತ ನಾನು ಒಳಗೆ ಹೋದದ್ದು. ಇಲ್ಲದಿದ್ದರೆ ಹೋಗುವ ಆಳು ನಾನಲ್ಲ."

ದೊಡ್ಡಪ್ಪ ತಕ್ಷಣ, "ಹೌದೌದು, ಅಮ್ಮನಿಗೆ ನೆರಳಲ್ಲಿ ಕೂತು ವೀಳ್ಯ ಹಾಕಲಿಕ್ಕೆ ಒಂದು ಜಾಗ ಬೇಕಿತ್ತು" ಅಂದರು. ಎಲ್ಲರೂ ನಕ್ಕರು. ಆ ಹಿರಿಯರು ನಗಲಿಲ್ಲ.

ದೊಡ್ಡಪ್ಪ ಕೆಟ್ಟವರಲ್ಲ. ಆದರೆ ನಾಲ್ಕು ಜನ ಸೇರಿದಲ್ಲಿ ಅವರ ಬಾಯಿ ಸುಮ್ನೆ ಇರುವುದಿಲ್ಲ.

ನಮ್ಮದು ಕಾಸರಗೋಡಿನ ಬಾಯಾರಿನ ಕಡೆ. ಇಲ್ಲಿ ಗುಡ್ಡದ ಬದಿ ಕೊರೆದು ನೀರು ತೆಗೆಯುವ ಸುರಂಗಗಳು ಬೇಕಾದಷ್ಟಿವೆ. ನಮ್ಮ ತೋಟದ ಮೇಲಿನದ್ದಕ್ಕೆ ಮನೆಯಲ್ಲಿ ಹೆಸರು 'ಅಜ್ಜನ ಸುರಂಗ'. ಅಜ್ಜ ತೋಡಿಸಿದರು, ಅಜ್ಜ ಜಾಗ ನೋಡಿದರು, ಅಜ್ಜ ಸಂಬಳ ಕೊಟ್ಟರು. ಇಷ್ಟೇ ಕಥೆ ಕೇಳಿ ನಾವೆಲ್ಲ ದೊಡ್ಡವರಾದದ್ದು. ತೋಡಿದವರು ಯಾರು ಅಂತ ಮೊನ್ನೆಯವರೆಗೆ ನನಗೆ ಗೊತ್ತೇ ಇರಲಿಲ್ಲ.

ತೋಡಿದವರು ಆ ಹಿರಿಯರೇ. ನಾನು ಹೋಗಿ ಅವರ ಪಕ್ಕ ಕೂತೆ. ಉಳಿದದ್ದು ಆಗ ಹೊರಬಂತು. ಸುರಂಗ ಅಂದರೆ ಒಬ್ಬ ಮನುಷ್ಯ ಹಿಡಿಸುವಷ್ಟು ಅಗಲ, ಅಷ್ಟೇ. ಮುರಕಲ್ಲಿನಲ್ಲಿ, ಅಂದರೆ ಜಂಬಿಟ್ಟಿಗೆ ಕಲ್ಲಿನಲ್ಲಿ, ಪಿಕಾಸಿ ಹಿಡಿದು ಮುಂದೆ ಮುಂದೆ ಹೋಗುವುದು. ಲೆಕ್ಕ ಕೋಲಿನಲ್ಲಿ, ಒಂದು ಕೋಲು ಅಂದರೆ ಸುಮಾರು 2.5 ಅಡಿ. ನಮ್ಮದು 60 ಕೋಲು. ಒಳಗೆ ಮೇಣದ ಬತ್ತಿ ಹಚ್ಚಿಡುತ್ತಾರೆ. ಬತ್ತಿ ಮಂಕಾದರೆ ಗಾಳಿ ಸಾಲದು ಅಂತ ಅರ್ಥ, ಹೊರಗೆ ಓಡಬೇಕು. ಮಣ್ಣು ಜರಿದರೆ ಓಡಲಿಕ್ಕೂ ಇಲ್ಲ.

ಅಜ್ಜಿ ಬೆಳಗಿನ ಕೆಲಸ ಮುಗಿಸಿ, ಗಂಜಿಯ ಪಾತ್ರೆ ಹಿಡಿದುಕೊಂಡು ಗುಡ್ಡ ಹತ್ತುತ್ತಿದ್ದರಂತೆ. ಸುರಂಗದ ಬಾಯಲ್ಲಿ ಕೂತು ಆಗಾಗ ಒಳಗೆ ಕೂಗುವುದು. ಒಳಗಿನಿಂದ "ಓ" ಅಂತ ಬರಬೇಕು. ಹೊರಗೆ ಬಂದ ಬುಟ್ಟಿಯ ಮಣ್ಣು ಹಿಚುಕಿ ನೋಡಿ, ತೇವ ಇದೆಯಾ ಇಲ್ಲವಾ ಅಂತ ಅವರೇ ಹೇಳುತ್ತಿದ್ದರಂತೆ. ಒಂದು ದಿನ ಬತ್ತಿ ಚೆನ್ನಾಗೇ ಉರಿಯುತ್ತಿತ್ತು, ಅಜ್ಜಿ ಮಾತ್ರ ಹೊರಗೆ ಬಾ ಅಂತ ಹಟ ಹಿಡಿದರಂತೆ. ಯಾಕೆ ಅಂತ ಕೇಳಿದರೆ, "ನಿನ್ನ ಪಿಕಾಸಿಯ ಸದ್ದು ನಿಧಾನ ಆಗಿದೆ." ಆ ದಿನ ಈ ಹಿರಿಯರಿಗೆ ಜ್ವರ ಏರುತ್ತಿತ್ತು. ಅವರಿಗೇ ಅದು ಗೊತ್ತಾಗಿರಲಿಲ್ಲ.

ಮತ್ತೆ ಅದೇ ಮಾತು: "ಬಾಯಲ್ಲಿ ದೊಡ್ಡಕ್ಕ ಕೂತಿದ್ದಾರೆ ಅಂತ ನಾನು ಒಳಗೆ ಹೋದದ್ದು."

ಬಂದವರೆಲ್ಲ ಅಜ್ಜಿಯನ್ನು ಹೊಗಳಿದ್ದು ಬೇರೆಯೇ ರೀತಿ. ಪಾಪದವರು, ಎದುರು ಮಾತಾಡಿದವರಲ್ಲ, ಗಂಡ ಮಕ್ಕಳು ಅಂತಲೇ ಜೀವ ತೇದರು. ಕೇಳಿ ಕೇಳಿ ನನಗೆ ಸಿಟ್ಟೇ ಬಂತು. ಎದುರು ಮಾತಾಡದ ಅಜ್ಜಿಯನ್ನು ನಾನಂತೂ ನೋಡಿಲ್ಲ. ದೊಡ್ಡಪ್ಪ ಬೋರ್‌ವೆಲ್ ಕೊರೆಸಲು ಹೊರಟಾಗ, "ಕರೆಂಟು ಹೋದರೆ ನಿನ್ನ ನೀರು ಎಲ್ಲಿರ್ತದೆ?" ಅಂತ ಲಾರಿಯವರ ಎದುರೇ ಕೇಳಿದವರು ಅವರು. ಸುರಂಗದ ನೀರಿಗೆ ಮೋಟರು ಬೇಡ, ಇಳಿಜಾರಿದ್ದರೆ ಸಾಕು. ಈಗ ಬೋರಿನಲ್ಲಿ ಏಪ್ರಿಲ್ ಬಂದರೆ ಕೆಸರು. ಬೊಜ್ಜದ ಅಡುಗೆಗೆ ಬಂದದ್ದೂ ಸುರಂಗದ ನೀರೇ.

2022ರಲ್ಲಿ ಗಡಿಯ ಆಚೆ ಕರ್ನಾಟಕದ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರಿಗೆ ಪದ್ಮಶ್ರೀ ಬಂತಲ್ವಾ? ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ತೋಡಿ, ಕೆಲವು ಕೈಕೊಟ್ಟರೂ ಬಿಡದೆ ನೀರು ತಂದು ತೋಟ ಮಾಡಿದವರು. ಪೇಪರಿನ ಸುದ್ದಿಯನ್ನು ನಾನೇ ಅಜ್ಜಿಗೆ ಓದಿ ಹೇಳಿದ್ದೆ. ತುಂಬ ಖುಷಿಪಟ್ಟರು. ಸ್ವಲ್ಪ ಹೊತ್ತಾದ ಮೇಲೆ, "ಅವರ ಹೆಂಡತಿಯ ವಿಷಯ ಎಂತಾದರೂ ಬರೆದಿದ್ದಾರಾ?" ಅಂತ ಕೇಳಿದರು. ಕುತೂಹಲಕ್ಕೆ ಕೇಳಿದ್ದು ಅಂತ ಆಗ ಅಂದುಕೊಂಡೆ. ಬೊಜ್ಜದಿಂದ ಬಂದ ಮೇಲೆ ಆ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ.

ಅಜ್ಜಿ ಮದುವೆಯಾಗಿ ಬಂದಾಗ ಈ ಮನೆ ಮದ್ರಾಸಿಗೆ ಸೇರಿತ್ತು. 1956ರ ನವೆಂಬರ್ 1ಕ್ಕೆ ಕೇರಳ ಆಯಿತು. ಜಿಲ್ಲೆ ಮೊದಲು ಕಣ್ಣೂರು, 1984ರಿಂದ ಕಾಸರಗೋಡು. ಅವರು ಮನೆ ಬಿಟ್ಟು ಎಲ್ಲೂ ಹೋಗಲಿಲ್ಲ, ಕಾಗದಗಳಲ್ಲಿ ಮಾತ್ರ ಊರು ಬದಲಾಗುತ್ತಲೇ ಇತ್ತು. ಅಷ್ಟೂ ಕಾಗದಗಳಲ್ಲಿ ಅವರು ಇಂಥವರ ಹೆಂಡತಿ. ತೋಟದ ಪತ್ರದಲ್ಲಿ ಅದೂ ಇಲ್ಲ. ಇದು ನಮ್ಮ ಮನೆಯದ್ದೊಂದೇ ಕಥೆ ಅಂತ ನನಗೆ ಅನ್ನಿಸುವುದಿಲ್ಲ. ಅಡಿಕೆ ತೋಟ ಇರುವ ಯಾವ ಮನೆಗೆ ಬೇಕಾದರೂ ಹೋಗಿ ನೋಡಿ. ಗೋಡೆಯಲ್ಲಿ ಹಾರ ಹಾಕಿದ ಅಜ್ಜನ ಫೋಟೋ ಇರುತ್ತದೆ, 'ತೋಟ ಮಾಡಿದವರು' ಅಂತ ತೋರಿಸುತ್ತಾರೆ. ಅಡಿಕೆ ಹೆಕ್ಕಿದವರು, ಗೊಬ್ಬರ ಹೊತ್ತವರು, ಆಳುಗಳಿಗೆ ಬಡಿಸಿ ಕೊನೆಗೆ ಉಂಡವರು ತ್ಯಾಗದ ಲೆಕ್ಕಕ್ಕೆ ಸೇರುತ್ತಾರೆ, ಕೆಲಸದ ಲೆಕ್ಕಕ್ಕೆ ಅಲ್ಲ. ತ್ಯಾಗಮಯಿ ಅಂದುಬಿಟ್ಟರೆ ಪಾಲು ಕೊಡುವ ಮಾತೇ ಬರುವುದಿಲ್ಲವಲ್ಲ!

ಸುರಂಗ ನೋಡಲು ಕಾಲೇಜು ಮಕ್ಕಳು ಬರುತ್ತಾರೆ ಅಂತ ದೊಡ್ಡಪ್ಪನ ಮಗ ಒಂದು ಬೋರ್ಡು ಹಾಕಿಸಲು ಹೊರಟಿದ್ದಾನೆ. ಕನ್ನಡ, ಮಲಯಾಳಂ ಎರಡರಲ್ಲೂ. ಮನೆಯ ವಾಟ್ಸ್ಯಾಪ್ ಗುಂಪಿನಲ್ಲಿ ಅಜ್ಜನ ಹೆಸರಿನ ನಮೂನೆ ಬಂತು. ತೋಡಿದವರ ಹೆಸರು, ಅಜ್ಜಿಯ ಹೆಸರು ಎರಡೂ ಇರಲಿ ಅಂತ ನಾನು ಬರೆದೆ. ಅತ್ತಿಗೆಯಂದಿರು ಸಾಲಾಗಿ ಹೆಬ್ಬೆಟ್ಟು ಒತ್ತಿದರು. ಗಂಡಸರು ಯಾರೂ ಮಾತಾಡಲಿಲ್ಲ.

ನಿನ್ನೆ ರಾತ್ರಿ ದೊಡ್ಡಪ್ಪನೇ ಫೋನು ಮಾಡಿದರು.

"ಅಕ್ಷರಕ್ಕೆ ಇಷ್ಟು ಅಂತ ಲೆಕ್ಕ ಮಾರಾಯ. ಹೆಸರು ಜಾಸ್ತಿ ಆದರೆ ದುಡ್ಡೂ ಜಾಸ್ತಿ."

"ಜಾಸ್ತಿ ಆದದ್ದು ನಾನು ಕೊಡ್ತೇನೆ ದೊಡ್ಡಪ್ಪ."

"ಹಾಗಾದರೆ ಬರೆಸು. ನನಗೆಂತ?"